ಮನೆ ಪ್ಲಾನ್ ಫೈಲ್ ಹತ್ತು ವರ್ಷದ ನಂತರವೂ ತೆರೆಯಬೇಕಾ?

ಮೇಲೆ ಇನ್ನೊಂದು ಮಹಡಿ ಎಬ್ಬಿಸುವಾಗಲೇ ಹಳೇ ಪ್ಲಾನ್ ನೆನಪಾಗೋದು. ಪಿಲ್ಲರ್ ಒಳಗೆ ಎಷ್ಟು ಕಬ್ಬಿಣ ಇದೆ ಅನ್ನೋದು ಗೋಡೆ ನೋಡಿದರೆ ಗೊತ್ತಾಗಲ್ಲ, ಡ್ರಾಯಿಂಗೇ ಬೇಕು.

ಎಂಜಿನಿಯರ್ ಕೊಡುವುದು ಸಾಮಾನ್ಯವಾಗಿ ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲ್. ಹಳೇ ಫೈಲನ್ನು ಹೊಸ ಸಾಫ್ಟ್‌ವೇರ್ ತೆರೆಯುತ್ತೆ. ತೊಂದರೆ ಉಲ್ಟಾ ಆದಾಗ. 2018ರ ಮಾದರಿಯ ಫೈಲ್ ಆಟೋಕ್ಯಾಡ್ 2017ರಲ್ಲಿ ತೆರೆಯದು. ನೋಟ್‌ಪ್ಯಾಡ್‌ನಲ್ಲಿ ಮೊದಲ ಆರು ಅಕ್ಷರ ನೋಡಿ: ಎಸಿ1032 ಇದ್ದರೆ 2018ರದ್ದು, ಎಸಿ1027 ಇದ್ದರೆ 2013ರದ್ದು. ಅಲ್ಲಿ ಸೇವ್ ಮಾತ್ರ ಒತ್ತಬೇಡಿ, ಫೈಲೇ ಕೆಟ್ಟೀತು! ಹಳೇ ಮಾದರಿಯ ಪ್ರತಿಯನ್ನು ‘ಸೇವ್ ಆ್ಯಸ್’ ಮೂಲಕ ಮಾಡಿಸಿಕೊಳ್ಳಬಹುದು. ರೆವಿಟ್ ಫೈಲಿಗೆ ಆ ಅನುಕೂಲವೂ ಇಲ್ಲ.

ಜೊತೆಗೆ ಪಿಡಿಎಫ್/ಎ ಪ್ರತಿಯನ್ನೂ ಕೇಳಿ. ದೀರ್ಘಕಾಲ ಕಾಪಿಡಲೆಂದೇ 2005ರಲ್ಲಿ ಬಂದ ಐಎಸ್‌ಒ ಮಾದರಿಯಿದು. ಫಾಂಟ್‌ಗಳೂ ಫೈಲಿನೊಳಗೇ ಇರುತ್ತವೆ.