ಡೇನಿಶ್ ಎಂಬ ಪರದೇಶಿ

ನಡುವೆ ಚೆರ್ರಿಯೋ ಏಪ್ರಿಕಾಟೋ ಕೂರಿಸಿಕೊಂಡು, ಮೈಮೇಲೆ ಸಕ್ಕರೆಯ ಬಿಳಿ ಗೆರೆ ಎಳೆಸಿಕೊಂಡ ಪದರು ತಿಂಡಿಗೆ ಅಮೆರಿಕದಲ್ಲಿ ಬರೀ ‘ಡೇನಿಶ್’ ಎಂದರೆ ಸಾಕು. ಡೆನ್ಮಾರ್ಕಿನಲ್ಲಿ ಆ ಹೆಸರು ನಡೆಯುವುದಿಲ್ಲ. ಅಲ್ಲಿ ಅದು ‘ವೀನರ್‌ಬ್ರೋಡ್’, ಅಂದರೆ ವಿಯೆನ್ನಾದ ಬ್ರೆಡ್ಡು. ವಿಯೆನ್ನಾದವರನ್ನು ಕೇಳಿದರೆ ‘ಕೋಪನ್‌ಹಾಗೆನರ್ ಪ್ಲುಂಡರ್’ ಎಂದು ಮರಳಿ ಕೋಪನ್‌ಹೇಗನ್ನಿಗೇ ಸಾಗಹಾಕುತ್ತಾರೆ. ನಮ್ಮ ಬೇಕರಿಗಳಲ್ಲಿ ‘ಪೇಸ್ಟ್ರಿ’ಯೇ ಕ್ರೀಮ್ ಕೇಕಿನ ತುಂಡಾಗಿರುವಾಗ ಇವರನ್ನು ಆಡಿಕೊಳ್ಳುವಂತಿಲ್ಲ ಬಿಡಿ.

ಈ ಎಳೆದಾಟದ ಹಿಂದೆ ಒಂದು ಮುಷ್ಕರವಿದೆ ಎನ್ನುತ್ತಾರೆ. 1850ರಲ್ಲಿ ಡೆನ್ಮಾರ್ಕಿನ ಬೇಕರಿ ಕೆಲಸಗಾರರು ಕೆಲಸ ನಿಲ್ಲಿಸಿದಾಗ ಮಾಲೀಕರು ಹೊರಗಿನವರನ್ನು ಕರೆಸಿಕೊಂಡರು. ಅವರಲ್ಲಿ ಆಸ್ಟ್ರಿಯಾದವರೂ ಇದ್ದರು. ಬಂದವರು ತಮಗೆ ಗೊತ್ತಿದ್ದ ಪದರು ಹಿಟ್ಟನ್ನೇ ಬೇಯಿಸಿಟ್ಟರು. ಆಮೇಲೆ ಊರಿನವರೂ ಅದನ್ನು ಕಲಿತು, ಮೊಟ್ಟೆ-ಬೆಣ್ಣೆ ಹೆಚ್ಚಿಸಿ ತಮ್ಮದಾಗಿಸಿಕೊಂಡರು. ಹೆಸರನ್ನು ಮಾತ್ರ ಮುಟ್ಟಲಿಲ್ಲ. ತಮ್ಮ ಜಾಗಕ್ಕೆ ಬಂದು ಕೂತವರ ಊರನ್ನೇ ದಿನಾ ಬೆಳಗ್ಗೆ ಬಾಯ್ತುಂಬ ಹೇಳಬೇಕಾಗಿ ಬಂದ ಕೆಲಸಗಾರರಿಗೆ ಏನನ್ನಿಸಿತೋ!

ಚಿರೋಟಿ ಮಾಡಿದವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟಿನ ಲೇಪ ಸವರುತ್ತೇವೆ. ಅವರು ಯೀಸ್ಟ್ ಹಾಕಿ ಕಲಸಿದ ಹಿಟ್ಟಿನೊಳಗೆ ತಣ್ಣನೆಯ ಬೆಣ್ಣೆ ಇಟ್ಟು, ಲಟ್ಟಿಸಿ, ಮೂರು ಮಡಿಕೆ ಹಾಕುತ್ತಾರೆ. ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯ ಪದರು 27. ಓವನ್ನಿನಲ್ಲಿ ನೀರಿನಂಶ ಆವಿಯಾಗಿ ಒಂದೊಂದು ಪದರನ್ನೂ ಎತ್ತುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿತೋ, ಕೈಗೆ ಸಿಗುವುದು ಜಿಡ್ಡು ಬನ್ನು. ನಡುವೆ ಕಸ್ಟರ್ಡ್ ಅಥವಾ ಜಾಮ್ ಇಟ್ಟ ಬಗೆಗೆ ‘ಸ್ಪಾಂಡವರ್’ ಎಂಬ ಗಂಭೀರ ಹೆಸರಿದ್ದರೂ ಡೇನರ ಬಾಯಲ್ಲಿ ಅದು ‘ಬೇಕರಿಯವನ ಕೆಟ್ಟ ಕಣ್ಣು’. ದೃಷ್ಟಿ ತಾಗುವ ಕಣ್ಣಲ್ಲ, ಬೇನೆ ಬಂದು ಕೆಂಪಾದ ಕಣ್ಣು.

ಹಣ್ಣಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿಗೆ: 100 ಗ್ರಾಂ ಹಣ್ಣಿನ ಡೇನಿಶ್‌ನಲ್ಲಿ ಸುಮಾರು 370 ಕ್ಯಾಲರಿ, 18 ಗ್ರಾಂ ಆಸುಪಾಸು ಕೊಬ್ಬು. ಹಣ್ಣು ಬರೀ ಚಮಚದಷ್ಟು, ಅದೂ ಸಕ್ಕರೆಯಲ್ಲಿ ಮುಳುಗೆದ್ದದ್ದು. ಬೆಣ್ಣೆಯ ಜಾಗದಲ್ಲಿ ಅಗ್ಗದ ವನಸ್ಪತಿ ಸೇರಿದರೆ ಟ್ರಾನ್ಸ್ ಕೊಬ್ಬಿನ ಕಾಟ ಬೇರೆ. ಅದಕ್ಕೆ 2003ರಲ್ಲಿ ಜಗತ್ತಿನಲ್ಲೇ ಮೊದಲು ಕಾನೂನಿನ ಕಡಿವಾಣ ಹಾಕಿದ್ದು ಇದೇ ಡೆನ್ಮಾರ್ಕ್: ಕೊಬ್ಬಿನಲ್ಲಿ ಶೇ. 2ರ ಮಿತಿ. ಭಾರತ ಆ ಮಿತಿಗೆ ಬಂದದ್ದು 2022ರಲ್ಲಿ.

ಹೆಸರಿಗೆ ನಿಜವಾದ ಪೆಟ್ಟು ಬಿದ್ದದ್ದು ಇರಾನಿನಲ್ಲಿ. ಡೆನ್ಮಾರ್ಕಿನ ಪತ್ರಿಕೆಯೊಂದು 2005ರಲ್ಲಿ ಪ್ರವಾದಿಯವರ ವ್ಯಂಗ್ಯಚಿತ್ರಗಳನ್ನು ಅಚ್ಚು ಹಾಕಿದ್ದಕ್ಕೆ ಪ್ರತಿಭಟಿಸಿ, ಮರುವರ್ಷ ಇರಾನಿನ ಮಿಠಾಯಿ ವ್ಯಾಪಾರಿಗಳ ಸಂಘ ‘ಶೀರೀನಿ ದಾನ್‌ಮಾರ್ಕಿ’, ಅಂದರೆ ಡೆನ್ಮಾರ್ಕಿನ ಸಿಹಿ, ಎಂಬ ಹೆಸರನ್ನೇ ಬದಲಿಸಲು ಹೇಳಿತು. ಹೊಸ ಹೆಸರು ‘ಗುಲ್-ಎ-ಮೊಹಮ್ಮದಿ’. ಪಾರಸಿಯಲ್ಲಿ ಪನ್ನೀರು ಇಳಿಸುವ ಗುಲಾಬಿಗೆ ಮೊದಲಿನಿಂದಲೂ ಇರುವ ಹೆಸರು. ಸುಂದರವಾದ ಆಯ್ಕೆಯೇ. ಅಂಗಡಿಗಳಲ್ಲಿ ಚೀಟಿಗಳೂ ಬದಲಾದವು. ಗಿರಾಕಿಗಳು ಮಾತ್ರ ಈಗಲೂ ‘ದಾನ್‌ಮಾರ್ಕಿ’ ಎಂದೇ ಕೇಳುತ್ತಾರೆ.