ಬೆಲ್ಟ್ ಬದಲಿಸುವ ಮೊದಲು ಹಿಂದಿನ ಚಕ್ರ ನೆಟ್ಟಗಿದೆಯೇ ನೋಡಿ

ಹಿಂದಿನ ಟೈರ್ ಪಂಕ್ಚರ್ ಆಗಿ ಚಕ್ರ ಬಿಚ್ಚಿ ಹಾಕಿದ ಮೇಲೆ ಬೈಕಿನಿಂದ ಚಿರ್ ಚಿರ್ ಸದ್ದು ಶುರುವಾದರೆ ಹೆಚ್ಚಿನವರು ಬೆಲ್ಟನ್ನೇ ದೂರುತ್ತಾರೆ. ಹೊಸ ಬೆಲ್ಟ್ ತರಿಸಿ ಹಾಕುತ್ತಾರೆ. ಸ್ವಲ್ಪ ದಿನ ಸರಿ ಇರುತ್ತದೆ, ಮತ್ತೆ ಅದೇ ಸದ್ದು. ಇಂಥ ಕಡೆ ತಪ್ಪು ಹೆಚ್ಚಾಗಿ ಬೆಲ್ಟಿನದ್ದಲ್ಲ, ಓರೆಯಾಗಿ ಕೂತ ಚಕ್ರದ್ದು. ಚಕ್ರ ಓರೆ ಇರುವವರೆಗೆ ಎಷ್ಟು ಬೆಲ್ಟ್ ಹಾಕಿದರೂ ಅಂಚು ಸವೆಯುವುದು ನಿಲ್ಲುವುದಿಲ್ಲ.

ಬೆಲ್ಟ್ ಚೈನಿಗಿಂತ ದುಬಾರಿ. ಮಂಜೇಶ್ವರ, ಉಪ್ಪಳ, ಕುಂಬಳೆ ಪೇಟೆಗಳಲ್ಲಿ ಚೈನ್ ಸೆಟ್‌ನ ಹಾಗೆ ಕೇಳಿದ ಕೂಡಲೇ ಸಿಗುವ ಸಾಮಾನೂ ಅಲ್ಲ. ದಾರಿಯಲ್ಲಿ ತುಂಡಾದರೆ ಹಿಂದಿನ ಚಕ್ರಕ್ಕೆ ಬಲ ಥಟ್ಟನೆ ನಿಲ್ಲುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಹೀಗಾದರೆ ಜೀವಕ್ಕೇ ಅಪಾಯ.

ಇದು ಯಾವ ಬೆಲ್ಟ್?

ಸಾಮಾನ್ಯ ಪೆಟ್ರೋಲ್ ಸ್ಕೂಟರಿನ ಎಂಜಿನ್ ಪಕ್ಕದ ಕವರ್ ಒಳಗೂ ಬೆಲ್ಟ್ ಇದೆ. ಅದು ಹಲ್ಲಿನ ಹಿಡಿತದಿಂದಲ್ಲ, ಪುಲ್ಲಿಯ ಇಳಿಜಾರು ಬದಿಗಳ ಹಿಡಿತದಿಂದ ಓಡುವ ಬೆಲ್ಟ್. ಅಲ್ಲಿ ಚಕ್ರ ಹಿಂದೆ ಮುಂದೆ ಮಾಡುವ ಪ್ರಶ್ನೆ ಇಲ್ಲ. ಇಲ್ಲಿ ಹೇಳುತ್ತಿರುವುದು ಚೈನಿನ ಜಾಗದಲ್ಲಿ ಓಡುವ ಹಲ್ಲಿನ ಬೆಲ್ಟಿನ ವಿಷಯ. ಹಾರ್ಲೆ ಡೇವಿಡ್ಸನ್ 1980ರಲ್ಲಿ ಸ್ಟರ್ಜಿಸ್ ಮಾಡೆಲ್‌ನಲ್ಲಿ ಇದನ್ನು ತಂದಿತು. ನಮ್ಮ ದೇಶದಲ್ಲಿ ರಿವೋಲ್ಟ್ ಆರ್‌ವಿ400 ಎಲೆಕ್ಟ್ರಿಕ್ ಬೈಕ್, ಏಥರ್ 450 ಸ್ಕೂಟರ್‌ಗಳಲ್ಲೂ ಹಿಂದಿನ ಚಕ್ರಕ್ಕೆ ಬೆಲ್ಟೇ. ಗಟ್ಟಿ ನಾರಿನ ಎಳೆಗಳ ಮೇಲೆ ರಬ್ಬರ್ ಅಥವಾ ಪಾಲಿಯುರೆಥೇನ್ ಹೊದಿಸಿ ಇದನ್ನು ಮಾಡುತ್ತಾರೆ. ಎಣ್ಣೆ ಬೇಡ, ಸದ್ದು ಕಡಿಮೆ. ಆದರೆ ಓರೆ ಎಳೆತವನ್ನು ಚೈನಿನಷ್ಟು ತಡೆದುಕೊಳ್ಳುವುದಿಲ್ಲ.

ಲಕ್ಷಣ ನೋಡಿ ಕಾರಣ ಹುಡುಕುವುದು

ನಿಧಾನ ಹೋಗುವಾಗ ಚಿರ್ ಎನ್ನುವ ಸದ್ದು: ಬೆಲ್ಟಿನ ಅಂಚು ಪುಲ್ಲಿಯ ಬದಿಗೆ ಉಜ್ಜುತ್ತಿದೆ, ಇಲ್ಲವೇ ಧೂಳು ಕೂತಿದೆ. ಮೊದಲು ತೊಳೆದು ನೋಡಿ. ಆಮೇಲೂ ಇದ್ದರೆ ಚಕ್ರ ಪರೀಕ್ಷಿಸಿ.

ವೇಗ ಏರಿದ ಹಾಗೆ ಗುಂಯ್ ಎಂದು ಏರುವ ಸದ್ದು: ಬೆಲ್ಟ್ ಅತಿ ಬಿಗಿ. ಹೀಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಆಕ್ಸಿಲರೇಟರ್ ಕೊಟ್ಟಾಗ ಟಕ್ ಎಂದು ಜಿಗಿತ: ಬೆಲ್ಟ್ ಸಡಿಲವಾಗಿ ಹಲ್ಲು ಹಾರುತ್ತಿದೆ. ಬಿಗಿ ಸರಿ ಇದ್ದರೆ ಹಿಂದಿನ ಹಬ್ ಒಳಗಿನ ರಬ್ಬರ್ ಸವೆದಿರಬಹುದು.

ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಕಟ್ ಎಂದರೆ: ಹಿಂದಿನ ಪುಲ್ಲಿಯ ಹಲ್ಲಿನ ನಡುವೆ ಕಲ್ಲು ಸಿಕ್ಕಿರಬಹುದು. ಜಲ್ಲಿ ಚೆಲ್ಲಿದ ರಸ್ತೆಯಲ್ಲಿ, ಕೆಂಪು ಕಲ್ಲಿನ ಕೋರೆ ದಾರಿಯಲ್ಲಿ ಓಡಾಡುವವರು ಇದನ್ನು ಆಗಾಗ ನೋಡಬೇಕು.

ಬೈಕ್ ಒಂದು ಬದಿಗೆ ಎಳೆದರೆ: ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಚಕ್ರದ ಬೇರಿಂಗ್, ಆಮೇಲೆ ಚಕ್ರ ಓರೆ ಇದೆಯೇ ಎಂದು ನೋಡಿ.

ಚಕ್ರ ನೇರ ಮಾಡುವ ಕ್ರಮ

ಕೀ ತೆಗೆದು ಕಿಸೆಗೆ ಹಾಕಿಯೇ ಕೆಲಸ ಶುರು ಮಾಡಬೇಕು. ಎಲೆಕ್ಟ್ರಿಕ್ ಬೈಕ್ ಆನ್ ಇದ್ದರೂ ಸದ್ದು ಮಾಡುವುದಿಲ್ಲ. ಹ್ಯಾಂಡಲ್ ತಿರುಗಿದರೆ ಚಕ್ರ ಸುತ್ತಿ, ಬೆರಳು ಬೆಲ್ಟ್ ಮತ್ತು ಪುಲ್ಲಿ ನಡುವೆ ಸಿಗುತ್ತದೆ. ಚಕ್ರ ಕೈಯಲ್ಲೇ ತಿರುಗಿಸಬೇಕು. ವಾರಂಟಿ ಇರುವ ಗಾಡಿಯಾದರೆ ಸರ್ವೀಸ್ ಸೆಂಟರಿನಲ್ಲೇ ಮಾಡಿಸುವುದು ಒಳ್ಳೆಯದು.

1. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡ್ ಹಾಕಿ. ಚಕ್ರ ಅತ್ತಿತ್ತ ಅಲ್ಲಾಡಿಸಿ ನೋಡಿ. ಲೂಸ್ ಇದ್ದರೆ ಬೇರಿಂಗ್ ಸರಿ ಮಾಡದೆ ಮುಂದೆ ಹೋಗಿ ಪ್ರಯೋಜನ ಇಲ್ಲ.

2. ಆಕ್ಸಲ್‌ನ ಎಡಬಲದ ಸ್ಪೇಸರ್ ಬುಷ್‌ಗಳು ಅದಲು ಬದಲಾಗಿವೆಯೇ ನೋಡಿ. ಚಕ್ರ ಬಿಚ್ಚಿ ಹಾಕುವಾಗ ಆಗುವ ಸಾಮಾನ್ಯ ತಪ್ಪು ಇದು.

3. ಆಕ್ಸಲ್ ನಟ್ ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಎರಡೂ ಬದಿಯ ಅಡ್ಜಸ್ಟರ್ ಒಂದೇ ಅಳತೆಯಲ್ಲಿ ತಿರುಗಿಸಿ ಬಿಗಿ ಸರಿ ಮಾಡಿ.

4. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನೇ ಪೂರ್ತಿ ನಂಬಬೇಡಿ. ಸ್ವಿಂಗ್ ಆರ್ಮ್ ಬೋಲ್ಟಿನ ನಡುವಿನಿಂದ ಆಕ್ಸಲ್‌ನ ನಡುವಿಗೆ ಎಡ, ಬಲ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 1 ಮಿಲಿಮೀಟರ್ ದಾಟಬಾರದು.

5. ಚಕ್ರ ಮುಂದಕ್ಕೆ ಹಲವು ಸುತ್ತು ತಿರುಗಿಸಿ. ಬೆಲ್ಟ್ ಪುಲ್ಲಿಯ ಬದಿಗೆ ಲಘುವಾಗಿ ತಾಗಿದರೆ ತೊಂದರೆ ಇಲ್ಲ, ಒತ್ತಿಕೊಂಡು ಮೇಲೇರಬಾರದು. ಏರುತ್ತಿದ್ದರೆ ಒಂದೇ ಬದಿಯ ಅಡ್ಜಸ್ಟರ್ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಹೆಚ್ಚಾದರೆ ವಿರುದ್ಧ ದಿಕ್ಕಿಗೆ ತಿರುಗಿಸಿ.

6. ಆಕ್ಸಲ್ ನಟ್ ಕಂಪೆನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಬಿಗಿ ಮಾಡುವಾಗಲೇ ಚಕ್ರ ಸರಿಯುವುದುಂಟು. ಆದ್ದರಿಂದ ಅಳತೆ ಮತ್ತು ಬೆಲ್ಟಿನ ಬಿಗಿ ಎರಡನ್ನೂ ಇನ್ನೊಮ್ಮೆ ನೋಡಿ. ಬ್ರೇಕ್ ಹಿಡಿಯುತ್ತದೆಯೇ, ಬಿಡುತ್ತದೆಯೇ ಪರೀಕ್ಷಿಸದೆ ರಸ್ತೆಗೆ ಇಳಿಸಬೇಡಿ.

ಚೈನ್ ಬೈಕಿಗೂ ಅಳತೆಯ ಕ್ರಮ ಇದೇ.

ಬಿಗಿ ಎಷ್ಟು?

ಕಣ್ಣಂದಾಜು ಸಾಲದು. ಹಾರ್ಲೆ ಬೈಕ್‌ಗಳಲ್ಲಿ ಕೆಳಗಿನ ಬೆಲ್ಟಿನ ನಡುವೆ ಗೇಜ್‌ನಿಂದ ಸುಮಾರು 4.5 ಕೆಜಿ ಒತ್ತಡ ಕೊಟ್ಟು ಎಷ್ಟು ಬಾಗುತ್ತದೆ ಎಂದು ಅಳೆಯುತ್ತಾರೆ. ಎಷ್ಟು ಬಾಗಬೇಕು ಎಂಬುದು ಮಾಡೆಲ್‌ಗೆ ತಕ್ಕ ಹಾಗೆ ಬೇರೆ, ಕೈಪಿಡಿಯಲ್ಲಿರುತ್ತದೆ. ಬೆಲ್ಟ್ ತಣ್ಣಗಿರುವಾಗ, ಚಕ್ರ ತಿರುಗಿಸಿ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಬೇಕು. ಹಿಂದೆ ಮೀನಿನ ಬಾಕ್ಸೋ ಅಕ್ಕಿ ಮೂಟೆಯೋ ಕಟ್ಟಿ ಓಡುವ ಗಾಡಿಯಲ್ಲಿ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡುವಾಗ ಬಿಗಿಯೂ ಬದಲಾಗುತ್ತದೆ. ಹಾಗಾಗಿ 'ಇನ್ನೂ ಸ್ವಲ್ಪ ಟೈಟ್ ಇರಲಿ' ಎನ್ನುವುದು ತಪ್ಪು.

ನಿಜವಾಗಿ ಬದಲಿಸಬೇಕಾದ್ದು ಯಾವಾಗ?

ಹಲ್ಲು ಬಿದ್ದಿದ್ದರೆ, ಹಲ್ಲಿನ ಬುಡ ಹೊರಗೆ ಕಾಣುವ ಹಾಗೆ ಬಿರಿದಿದ್ದರೆ, ಹಲ್ಲು ಕೊಕ್ಕೆಯ ಹಾಗೆ ಸವೆದಿದ್ದರೆ, ಅಂಚಿನಲ್ಲಿ ಕಲ್ಲು ತೂರಿ ಗಾಯವಾಗಿದ್ದರೆ ಬೆಲ್ಟ್ ಬದಲಿಸಲೇಬೇಕು. ಅಂಚಿನ ನಾರು ಸ್ವಲ್ಪ ಎದ್ದಿದ್ದರೆ ಕೂಡಲೇ ಬೇಡ. ಚಕ್ರ ನೇರ ಮಾಡಿ, ಗಮನ ಇಡಿ. ಹೊಸ ಬೆಲ್ಟ್ ಹಾಕುವಾಗ ಪುಲ್ಲಿಗಳ ಹಲ್ಲೂ ನೋಡಬೇಕು. ಸವೆದ ಪುಲ್ಲಿ ಹೊಸ ಬೆಲ್ಟನ್ನು ಬೇಗ ಹಾಳು ಮಾಡುತ್ತದೆ.

ಬೆಲ್ಟಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು. ಸಾಬೂನು ನೀರು ಸಾಕು. ಸ್ಕ್ರೂಡ್ರೈವರ್ ತೂರಿ ಎತ್ತಬಾರದು, ಮಡಚಬಾರದು. ಒಳಗಿನ ನಾರು ಮುರಿದರೆ ಹೊರಗೆ ಗೊತ್ತಾಗುವುದಿಲ್ಲ. ಗಲ್ಫಿಗೆ ಹೋದವರ ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತಿದ್ದರೆ, ರಜೆಗೆ ಬಂದ ದಿನವೇ ಓಡಿಸುವ ಮೊದಲು ಇಲಿ ಕಚ್ಚಿದ ಗುರುತು ಇದೆಯೇ ಎಂದು ಬೆಲ್ಟನ್ನು ಪೂರ್ತಿ ಒಂದು ಸುತ್ತು ನೋಡಬೇಕು.

ಟೈರ್ ಬಿಚ್ಚಿ ಹಾಕಿಸಿದ ದಿನ ಅಂಗಡಿಯಿಂದ ಹೊರಡುವ ಮುಂಚೆಯೇ ಎರಡೂ ಬದಿ ಅಳೆದು ತೋರಿಸಲು ಹೇಳಿ. ಆ ಐದು ನಿಮಿಷ ಒಂದು ಬೆಲ್ಟಿನ ದುಡ್ಡು ಉಳಿಸುತ್ತದೆ.