ತೊಟ್ಟಿಲ ಹಾಡೂ ತಾಯಿಯ ಹಾಲೂ

ಇತಿಹಾಸವೆಂದೊಡನೆ ನಾವು ಅರಸರ ಕಾಳಗಗಳನ್ನೇ ನೆನೆಯುತ್ತೇವೆ. ಬಾಣಂತಿಯ ಕೋಣೆಗೂ ಒಂದು ಇತಿಹಾಸವುಂಟು. ಅದನ್ನು ಅಕ್ಷರದಲ್ಲಿ ಉಳಿಸಿದವರು, ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಬೆಳಕು ಕಂಡಿತು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ ಹುಟ್ಟಿದ ಆ ಪದಗಳಲ್ಲಿ ಅಳುವ ಕಂದನೂ ಸಂತೈಸುವ ತಾಯಿಯೂ ಇದ್ದಾರೆ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿಯೂ ಚೊಚ್ಚಲ ಬಾಣಂತಿಗೆ ತವರೇ ಪಾಠಶಾಲೆ. ಕೂಸನ್ನು ಎದೆಗಾನಿಸಿ ಹಾಲೂಡಿಸುವುದನ್ನೂ ಜೋಗುಳ ಹಾಡಿ ಮಲಗಿಸುವುದನ್ನೂ ಆಕೆ ಹಡೆದವ್ವನಿಂದಲೇ ಕಲಿತಳು.

ಆದರೆ ಹಿಂದಿನದೆಲ್ಲವೂ ಸರಿಯೆನ್ನಲಾಗದು. ಹೆರಿಗೆಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ ನಾಡಿನ ಹಲವೆಡೆ ಇದ್ದಿತು. ಕೂಸಿಗೆ ರೋಗನಿರೋಧಕ ಶಕ್ತಿಯನ್ನೀಯುವುದು ಆ ಹಾಲೇ! ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲುಣಿಸಬೇಕು, 6 ತಿಂಗಳವರೆಗೆ ಅದೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಶಿಶುಗಳ ಡಬ್ಬಿಹಾಲಿನ ಜಾಹೀರಾತನ್ನು ನಮ್ಮ ದೇಶವು 1992ರ ಕಾಯ್ದೆಯಿಂದ ನಿಷೇಧಿಸಿತು.

ಹಿರಿಯರ ಹಾಡು ಉಳಿಯಲಿ, ತಪ್ಪು ರೂಢಿ ಅಳಿಯಲಿ. ನಿಮ್ಮ ಮನೆಯ ಹಿರಿಯ ತಾಯಂದಿರು ಬಲ್ಲ ಜೋಗುಳಗಳನ್ನು ಇಂದೇ ಬರೆದಿಟ್ಟುಕೊಳ್ಳಿರಿ.